ಉಣ್ಣುವವನ ಧರ್ಮ

ಅತಿಥಿಸತ್ಕಾರವನ್ನು ಕುರಿತು ನಮ್ಮ ದೇಶದಲ್ಲಿ ಹೇಳಿದವರು ಬಹುಮಂದಿ. ತೈತ್ತಿರೀಯೋಪನಿಷತ್ತು ಅತಿಥಿಯನ್ನು ದೇವರಂತೆ ಕಾಣಬೇಕೆಂದು ಶಿಷ್ಯನಿಗೆ ಬೋಧಿಸುತ್ತದೆ. ತಮಿಳರ ತಿರುಕ್ಕುರಳಿನಲ್ಲಿ ಅದಕ್ಕಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ನಮ್ಮ ಶರಣರಂತೂ ದಾಸೋಹವನ್ನು ಬಾಳಿನ ಉಸಿರನ್ನಾಗಿ ಮಾಡಿಕೊಂಡವರು. ಆದರೆ ಲೋಕದಲ್ಲಿ ಈ ಮಾತುಗಳನ್ನೆಲ್ಲ ಇಕ್ಕುವವನ ಧರ್ಮವೆಂದೇ ಓದುವ ರೂಢಿ. ಉಣ್ಣುವವನಿಗೂ ಒಂದು ಧರ್ಮವುಂಟೆ? ಇದ್ದರೆ ಅದು ಯಾವುದು? ಕೈತೊಳೆದು ಎಲೆಯ ಮುಂದೆ ಕುಳಿತವನು ತಾನು ಕುಳಿತ ಮಾತ್ರಕ್ಕೆ ಇಕ್ಕುವವನಿಗೆ ಪುಣ್ಯವನ್ನು ಒದಗಿಸಿಕೊಟ್ಟೆನೆಂದು ತಿಳಿದು ಸುಮ್ಮನಿರಬಹುದೆ? ಗೃಹಸ್ಥರಾದ ನಾವು ವರ್ಷಕ್ಕೊಮ್ಮೆಯಾದರೂ ಇನ್ನೊಬ್ಬರ ಮನೆಯಲ್ಲಿ ಇಳಿದುಕೊಳ್ಳುವವರೇ ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಅತಿಥಿಯೆಂದರೆ ತಿಥಿಯನ್ನು ಗೊತ್ತುಮಾಡದೆ ಬರುವವನು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಆ ಲೆಕ್ಕದಲ್ಲಿ ನೋಡಿದರೆ ಇಂದು ಅತಿಥಿಯೆಂಬವನೇ ಅಪರೂಪ. ರೈಲಿನ ಚೀಟಿಯನ್ನು ಅರವತ್ತು ದಿನ ಮೊದಲೇ ಕಾದಿರಿಸಿ, ದೂರವಾಣಿಯಲ್ಲಿ ಮೂರು ಸಲ ಮಾತನಾಡಿ, ಬರುವ ಗಂಟೆಯನ್ನೂ ಹೋಗುವ ಗಂಟೆಯನ್ನೂ ತಿಳಿಸಿ ಬರುವವನಿಗೆ ಆ ಹೆಸರು ಸಲ್ಲುವುದಿಲ್ಲ. ಅವನು ಹಸಿದು ಬಂದ ದಾರಿಹೋಕನಲ್ಲ, ಲೋಕಹಿತಕ್ಕಾಗಿ ಸಂಚರಿಸುವ ಜಂಗಮನೂ ಅಲ್ಲ. ತನ್ನ ಮನೆಯಲ್ಲಿ ಉಂಡುಟ್ಟು ಸುಖವಾಗಿರುವವನು, ಬೇಕಾದರೆ ಹೋಟೆಲಿನಲ್ಲಿ ಕೋಣೆ ಹಿಡಿದು ಇರಬಲ್ಲವನು. ಆದರೂ ಅವನು ಗೆಳೆಯನ ಮನೆಗೆ ಬರುತ್ತಾನೆ. ಅವನನ್ನು ಅಲ್ಲಿಗೆ ಎಳೆದು ತರುವುದು ಸ್ನೇಹವೊಂದೇ. ಆದುದರಿಂದ ಹಳೆಯ ಗ್ರಂಥಗಳಲ್ಲಿ ಅತಿಥಿಗೆ ಹೇಳಿದ ಮರ್ಯಾದೆಗಳನ್ನೆಲ್ಲ ಅವನು ತನ್ನವೆಂದು ಭಾವಿಸುವುದು ನ್ಯಾಯವಲ್ಲ. ಅವನ ಹೊಣೆ ಬೇರೆಯೇ ಆಗಿದೆ.

ಬೆಂಗಳೂರಿನ ಪಡುವಣ ಭಾಗದಲ್ಲಿ, ಅಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ, ಉತ್ತರದ ಜಿಲ್ಲೆಗಳಿಂದ ಬಂದು ನೆಲೆಸಿದ ಮನೆತನಗಳು ಅನೇಕ ಉಂಟು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಮೇಲೆ ಸರ್ಕಾರದ ಕಚೇರಿಗಳಿಗೂ ಬ್ಯಾಂಕುಗಳಿಗೂ ಕಾರ್ಖಾನೆಗಳಿಗೂ ಆ ಕಡೆಯ ತರುಣರು ಬಂದರು. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದರು. ಮಕ್ಕಳಿಗೆ ಇಲ್ಲಿಯ ನುಡಿಗಟ್ಟು ಬಂದಿತು. ಆದರೆ ಅವರಲ್ಲಿ ಧಾರವಾಡದಲ್ಲಿ ಓದಿದವರ ಮುಂದೆ ಧಾರವಾಡವೆಂಬ ಹೆಸರನ್ನೆತ್ತಿ ನೋಡಿರಿ, ಎಪ್ಪತ್ತು ದಾಟಿದವರೂ ಇಪ್ಪತ್ತರವರಾಗುತ್ತಾರೆ. ಹಿಂದೆ ರಾತ್ರಿಯ ರೈಲಿನಲ್ಲಿ ಮುದುರಿಕೊಂಡು ಹೋಗಬೇಕಾಗಿದ್ದ ಹಾದಿಯನ್ನು 2023ರ ಜೂನ್ 27ರಂದು ಆರಂಭವಾದ ವಂದೇ ಭಾರತ್ ಗಾಡಿ ಹಗಲಿನ ಆರೇಳು ಗಂಟೆಗಳಿಗೆ ಇಳಿಸಿದೆ. ಯಶವಂತಪುರದಲ್ಲಿ ಬೆಳಗ್ಗೆ ಹತ್ತಿದರೆ ಧಾರವಾಡದಲ್ಲಿ ಮಧ್ಯಾಹ್ನದ ಊಟಕ್ಕೆ ಕೂಡಬಹುದು. (ನಡುವೆ ಬರುವ ಹುಬ್ಬಳ್ಳಿಯ ನಿಲ್ದಾಣದ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರು, ಜಗತ್ತಿನಲ್ಲಿ ಅದೇ ಎಲ್ಲಕ್ಕಿಂತ ಉದ್ದವಾದುದೆಂದು 2023ರ ಮಾರ್ಚಿಯಲ್ಲಿ ಉದ್ಘಾಟಿಸಿದರು. ಕೀರ್ತಿಯೇನೋ ಸರಿ, ಗಂಟು ಹೊತ್ತು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವ ಮುದುಕರ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.)

ಹೀಗೆ ಹಾದಿ ಸುಲಭವಾದುದರಿಂದ ಹೋಗುವವರು ಹೆಚ್ಚಾಗಿದ್ದಾರೆ. ಕಳೆದ ದಸರೆಯ ರಜೆಯಲ್ಲಿ ನಾವು ನಾಲ್ವರು, ರಾಜಾಜಿನಗರದಿಂದ ಇಬ್ಬರು, ವಿಜಯನಗರ ಹಾಗೂ ಕೆಂಗೇರಿಗಳಿಂದ ಒಬ್ಬೊಬ್ಬರು, ಧಾರವಾಡದ ನಮ್ಮ ಹಳೆಯ ಗೆಳೆಯನ ಮನೆಯಲ್ಲಿ ಒಂದು ವಾರ ಇದ್ದೆವು. ಐವರೂ ಮುರುಘಾಮಠದ ಪ್ರಸಾದನಿಲಯದಲ್ಲಿ ಒಟ್ಟಿಗೆ ಉಂಡು ಕರ್ನಾಟಕ ಕಾಲೇಜಿನಲ್ಲಿ ಓದಿದವರು. 1917ರಲ್ಲಿ ಸ್ಥಾಪಿತವಾದ ಆ ಕಾಲೇಜಿಗೆ ಹಳ್ಳಿಯ ಹುಡುಗರು ಬರಲು ಸಾಧ್ಯವಾದುದು ಇಂತಹ ಪ್ರಸಾದನಿಲಯಗಳಿಂದ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಮಠದ ಮೃತ್ಯುಂಜಯ ಸ್ವಾಮಿಗಳ ಮೇಲಿನ ಭಕ್ತಿಯಿಂದ ಮಲ್ಲಿಕಾರ್ಜುನ ಮನ್ಸೂರರು ತಮ್ಮ ಮನೆಗೆ 'ಮೃತ್ಯುಂಜಯ' ಎಂದೇ ಹೆಸರಿಟ್ಟುಕೊಂಡಿದ್ದರು. ಇಂದು ಅದು ಸ್ಮಾರಕವಾಗಿದೆ. ನಾವೂ ಒಂದು ಸಂಜೆ ಅಲ್ಲಿಗೆ ಹೋಗಿ ಬಂದೆವು. ಭಕ್ತರು ತಂದೊಪ್ಪಿಸಿದ ಜೋಳದ ರೊಟ್ಟಿಯನ್ನು ಬಿಟ್ಟಿಯಾಗಿ ಉಂಡು ವಿದ್ಯೆ ಗಳಿಸಿದವರಾದ ನಮಗೆ ಉಣ್ಣುವವನ ಧರ್ಮದ ವಿಚಾರವು ಪುಸ್ತಕದ ವಿಚಾರವಲ್ಲ.

ಗೆಳೆಯನು ನಿವೃತ್ತ ಉಪಾಧ್ಯಾಯ. ಖಾಸಗಿ ಶಾಲೆಯಲ್ಲಿ ದುಡಿದುದರಿಂದ ಪಿಂಚಣಿ ಅತ್ಯಲ್ಪ. ಸಪ್ತಾಪುರದ ಕಡೆ ಹಿರಿಯರ ಹಂಚಿನ ಮನೆಯುಂಟು. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಮನೆಯಾಕೆಗೆ ಎರಡೂ ಮೊಣಕಾಲುಗಳ ಬೇನೆ. ಕುಳಿತರೆ ಏಳುವುದು ಕಷ್ಟ, ಎದ್ದರೆ ಕೂಡುವುದು ಕಷ್ಟ. ಆದರೂ ಆಕೆ ಬೆಳಗಿನ ಐದು ಗಂಟೆಗೆ ಎದ್ದು ರೊಟ್ಟಿ ಬಡಿಯಲು ತೊಡಗುವಳು. ಆ ಸದ್ದು ಕೇಳಿ ನಮಗೆ ಎಚ್ಚರವಾಗುವುದು. ಎಣ್ಣೆಗಾಯಿ, ಗುರೆಳ್ಳಿನ ಹಿಂಡಿ, ಕೆನೆಮೊಸರು, ಒಂದು ದಿನ ಶೇಂಗಾ ಹೋಳಿಗೆ, ಮತ್ತೊಂದು ದಿನ ಮಾದಲಿ. ನಾವು ಐವರು ಪಡಸಾಲೆಯಲ್ಲಿ ಕುಳಿತು ಐವತ್ತು ವರ್ಷಗಳ ಹಿಂದಿನ ಮಾತುಗಳನ್ನು ಆಡಿ ಆಡಿ ನಗುವೆವು. ನಗುವಿನ ನಡುವೆ ಒಳಗಿನಿಂದ ಪಾತ್ರೆಯ ಸದ್ದು ಕೇಳುತ್ತಲೇ ಇರುವುದು. ಗೆಳೆತನವು ಐವರದು, ದುಡಿಮೆಯು ಆ ಗೆಳೆತನದಲ್ಲಿ ಪಾಲಿಲ್ಲದ ಒಬ್ಬಳದು! ಸ್ನೇಹವನ್ನು ಹಾಡಿ ಹೊಗಳಿದ ಕವಿಗಳು ಈ ಲೆಕ್ಕವನ್ನು ಬರೆದಿಟ್ಟಂತೆ ಕಾಣಲಿಲ್ಲ.

ಇಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ವೃತ್ತಾಂತವು ನೆನಪಿಗೆ ಬರುತ್ತದೆ. ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ಅದು ಗೊತ್ತು. ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮುಳುಗಿ ಹೊತ್ತನ್ನು ಮರೆತನು. ಕಾಯಕ ನಿಂತುದನ್ನು ನೆನಪಿಗೆ ತಂದವಳು ಲಕ್ಕಮ್ಮ. ಅವಸರದಲ್ಲಿ ಹೋದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದೆಂದು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಹೇಳಿದವಳೂ ಅವಳೇ. ಈ ಕಥೆಯನ್ನು ನಾವು ಆಸೆಯ ನಿರಾಕರಣೆಗೆ ಉದಾಹರಣೆಯಾಗಿ ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಕಥೆಯ ಮೊದಲ ಭಾಗವನ್ನು ಗಮನಿಸುವವರು ಕಡಮೆ. ಮಾರಯ್ಯನು ಕುಳಿತದ್ದು ಹರಟೆಯಲ್ಲಲ್ಲ, ಪ್ರಭುದೇವರ ಸನ್ನಿಧಿಯಲ್ಲಿ. ಅಂತಹ ಮಾತಿಗೂ ಕಾಯಕದಿಂದ ಬಿಡುವು ದೊರೆಯಲಿಲ್ಲವೆಂದ ಮೇಲೆ, ನಮ್ಮ ಹಳೆಯ ಮೇಷ್ಟರ ಅಣಕು, ಕ್ರಿಕೆಟ್ಟಿನ ಸೋಲುಗೆಲುವುಗಳ ಮಾತಿಗೆ ವಾರಪೂರ್ತಿ ರಜೆಯನ್ನು ಯಾರು ಮಂಜೂರು ಮಾಡುವರು? ಮತ್ತೊಂದು ಸಂಗತಿ. ಆ ಮನೆಯಲ್ಲಿ ಎಷ್ಟು ಅಕ್ಕಿ ಬೇಕು, ಎಷ್ಟು ಹೆಚ್ಚು ಎಂಬುದನ್ನು ತೀರ್ಮಾನಿಸಿದವಳು ಮಡದಿ. ಶರಣರ ಮನೆಗಳಲ್ಲಿ ಹೆಂಗಸು ಬೇಯಿಸಿ ಹಾಕುವವಳು ಮಾತ್ರವಾಗಿರಲಿಲ್ಲ. ನ್ಯಾಯ ಹೇಳುವವಳೂ ಆಗಿದ್ದಳು. ದಾಸೋಹದ ಮನೆಗೆ ಬಂದವನು ಮನೆಯೊಡೆಯನ ಮುಖವನ್ನು ನೋಡಿ ತೃಪ್ತನಾದರೆ ಅರ್ಧವನ್ನು ಮಾತ್ರ ನೋಡಿದಂತಾಯಿತು.

ಮೂರನೆಯ ದಿನ ಕೆಂಗೇರಿಯ ಗೆಳೆಯನು ಒಂದು ಉಪಾಯ ಮಾಡಿದನು. ಈಗ ಧಾರವಾಡ-ಹುಬ್ಬಳ್ಳಿಗಳಲ್ಲಿ ಹೆಂಗಸರು ರೊಟ್ಟಿ ಮಾಡಿ ಮಾರುವ ಅಂಗಡಿಗಳು ಬಹಳ. ಬೆಳಗಿನ ತಿರುಗಾಟಕ್ಕೆಂದು ಹೋದವನು ಇಪ್ಪತ್ತೈದು ರೊಟ್ಟಿ ಕಟ್ಟಿಸಿಕೊಂಡು ಬಂದು ಅಡುಗೆಯ ಮನೆಯ ಕಟ್ಟೆಯ ಮೇಲಿಟ್ಟನು. ಉದ್ದೇಶವೇನೋ ಒಳ್ಳೆಯದೇ. ಆದರೆ ಆ ತಾಯಿಯ ಮುಖ ಬಾಡಿತು. "ಯಾಕ್ರಿ ಅಣ್ಣಾರ, ನಮ್ಮ ಮನಿ ರೊಟ್ಟಿ ನಿಮಗ ಸೇರಲಿಲ್ಲೇನ್ರಿ?" ಎಂದಳು. ಉತ್ತರ ಕೊಡುವುದು ಸುಲಭವಾಗಿರಲಿಲ್ಲ.

ಈ ಪ್ರಸಂಗದಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಕೊಡುವವನ ಕಷ್ಟವನ್ನು ಕಂಡು ಅವನ ಕೊಡುಗೆಯನ್ನೇ ನಿಲ್ಲಿಸಿದರೆ ಕಷ್ಟವೇನೋ ನಿಂತೀತು, ಆದರೆ ಅದರೊಡನೆ ಅವನ ಕೈಯೂ ಕಟ್ಟಿದಂತಾಗುತ್ತದೆ. ಬೇನೆಯ ಕಾಲಿನಿಂದ ರೊಟ್ಟಿ ಬಡಿಯುವವಳಿಗೆ ಆ ರೊಟ್ಟಿಯು ಬರಿಯ ಹೊರೆಯಲ್ಲ; ಮನೆಗೆ ಬಂದವರ ಮುಂದೆ ತಾನಿನ್ನೂ ಈ ಮನೆಯ ಒಡತಿಯೆಂದು ತೋರಿಸುವ ಸಾಧನವದು. ಅದನ್ನು ಕೊಂಡು ತಂದ ರೊಟ್ಟಿಯಿಂದ ತುಂಬಿಸಲಾಗದು. ಹಾಗೆಂದು ಕಣ್ಣುಮುಚ್ಚಿ ಉಣ್ಣುವುದೂ ಆಗದು. ಇವೆರಡರ ನಡುವೆ ಮಾರ್ಗವುಂಟೆ?

ಷಟ್‌ಸ್ಥಲದ ಕ್ರಮವನ್ನು ನೋಡಿದರೆ ಭಕ್ತ, ಮಾಹೇಶ, ಆಮೇಲೆ ಪ್ರಸಾದಿ. ಕೊಡುವುದನ್ನು ಕಲಿಯುವವನು ಭಕ್ತ. ನಿಷ್ಠೆಯಲ್ಲಿ ಗಟ್ಟಿಯಾಗುವವನು ಮಾಹೇಶ. ಇವೆರಡೂ ಆದ ಮೇಲೆ ಬರುವುದು ಪ್ರಸಾದಿಯ ಸ್ಥಲ, ಅಂದರೆ ಪಡೆಯುವುದನ್ನು ಅರಿತವನ ಸ್ಥಲ. ಶಾಸ್ತ್ರಜ್ಞರು ಇದಕ್ಕೆ ಹೇಳುವ ಗೂಢಾರ್ಥಗಳು ಹಲವು. ಅವನ್ನು ಅಲ್ಲಗಳೆಯದೆ, ಗೃಹಸ್ಥನ ಬುದ್ಧಿಗೆ ಎಟಕುವಷ್ಟನ್ನು ಹೇಳುವುದಾದರೆ, ಸರಿಯಾಗಿ ಪಡೆಯುವುದು ಕೊಡುವುದಕ್ಕಿಂತ ಕಠಿನವಾದ ವಿದ್ಯೆ. ಕೊಡುವಾಗ ನಾವು ಎತ್ತರದಲ್ಲಿರುತ್ತೇವೆ. ಅಹಂಕಾರವೂ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಪಡೆಯುವಾಗ ಅಹಂಕಾರಕ್ಕೆ ಜಾಗವಿಲ್ಲ. ಪಡೆಯಲಾರದ ಅಹಂಕಾರಿಗಳೇ ಅನೇಕರು ದೊಡ್ಡ ದಾನಿಗಳಾಗಿರುವುದುಂಟು. ಪ್ರಸಾದವನ್ನು ಪಡೆದವನು ಒಂದಗುಳನ್ನೂ ಚೆಲ್ಲುವುದಿಲ್ಲ, ಇನ್ನಷ್ಟು ಬೇಕೆನ್ನುವುದಿಲ್ಲ, ಬೇಡವೆಂದು ತಳ್ಳುವುದೂ ಇಲ್ಲ. ಈ ಮೂರನ್ನೂ ಗೆಳೆಯನ ಮನೆಯ ಊಟಕ್ಕೆ ಅನ್ವಯಿಸಿಕೊಂಡರೆ ಸಾಕು.

ನಮಗೆ ದಾರಿ ತೋರಿಸಿದ್ದು ಪ್ರಸಾದನಿಲಯದ ಹಳೆಯ ಪದ್ಧತಿಯೇ. ಅಲ್ಲಿ ಉಣ್ಣುವ ಹುಡುಗರೇ ಸರದಿಯಂತೆ ಬಡಿಸುತ್ತಿದ್ದರು, ಸರದಿಯಂತೆ ನೀರು ಸೇದುತ್ತಿದ್ದರು. ಉಂಡವರು ತಮ್ಮ ತಾಟನ್ನು ತಾವೇ ತೊಳೆಯುವುದು ಕಡ್ಡಾಯ. ಬಿಟ್ಟಿ ಅನ್ನದಿಂದ ಹುಟ್ಟಬಹುದಾಗಿದ್ದ ಕೀಳರಿಮೆಯು ನಮ್ಮಲ್ಲಿ ಹುಟ್ಟದಿರುವುದಕ್ಕೆ ಆ ಸರದಿಯೇ ಕಾರಣವೆಂದು ನನ್ನ ನಂಬಿಕೆ. ಇದನ್ನು ವಿಜಯನಗರದ ಗೆಳೆಯನು ಆಕೆಗೆ ವಿವರಿಸಿ, ನಮ್ಮನ್ನು ಮತ್ತೆ ಪ್ರಸಾದನಿಲಯದ ಹುಡುಗರೆಂದೇ ತಿಳಿಯಿರಿ ಎಂದು ಕೇಳಿಕೊಂಡನು. ಆಕೆ ತುಸು ಹೊತ್ತು ಯೋಚಿಸಿ ತೀರ್ಪು ಕೊಟ್ಟಳು: "ರೊಟ್ಟಿ ನಾನ ಬಡೀತೇನಿ. ಹಿಟ್ಟು ನಾದೂದು, ಬಡಸೂದು, ಬಾಂಡೆ ತಿಕ್ಕೂದು ನಿಮ್ಮ ಪಾಳಿ. ನೀವು ಕೂಡಿರಿ, ಮಾತಾಡ್ರಿ, ಆದರ ಅಡಗೀಮನ್ಯಾಗ ಕೂತು ಮಾತಾಡ್ರಿ, ನನಗೂ ಕೇಳಲಿ." ಕೊನೆಯ ಮಾತನ್ನು ಓದುಗರು ಗಮನಿಸಬೇಕು. ಆಕೆಗೆ ಬೇಕಾದುದು ದುಡಿಮೆಯಿಂದ ಬಿಡುಗಡೆಗಿಂತ ಹೆಚ್ಚಾಗಿ ನಗುವಿನಲ್ಲಿ ಪಾಲು. ಮುಂದಿನ ನಾಲ್ಕು ದಿನ ನಮ್ಮ ಗೋಷ್ಠಿ ಅಡುಗೆಯ ಮನೆಯಲ್ಲೇ ನಡೆಯಿತು. ತನ್ನ ಗಂಡನು ಕಾಲೇಜಿನಲ್ಲಿ ನಾಟಕದ ಹೆಣ್ಣುಪಾತ್ರ ವಹಿಸಿದ್ದನೆಂಬ ಸಂಗತಿ ಆಕೆಗೆ ತಿಳಿದದ್ದು ಆಗಲೇ.

ಇನ್ನು ಇದಕ್ಕಿಂತ ತೊಡಕಾದ ಪ್ರಶ್ನೆಗೆ ಬರುತ್ತೇನೆ. ಆ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿ ಎರಡು ವರ್ಷಗಳಾಗಿವೆ. ಆಗಿಲ್ಲ. ಏಕೆ ಆಗಿಲ್ಲವೆಂಬುದು ಮನೆಯ ಗೋಡೆಯ ಸುಣ್ಣವನ್ನು ನೋಡಿದವರಿಗೆ ತಿಳಿಯುವಂತಿತ್ತು. ನಾವು ನಾಲ್ವರೂ ಶ್ರೀಮಂತರಲ್ಲ. ಆದರೆ ಕೈಕೂಡಿಸಿದರೆ ಸ್ವಲ್ಪ ಮೊತ್ತವನ್ನು ಒದಗಿಸಬಲ್ಲೆವು. ನಮ್ಮಲ್ಲೊಬ್ಬನು, ಹೊರಡುವ ದಿನ ಒಂದು ಲಕ್ಕೋಟೆಯಲ್ಲಿ ಹಣವನ್ನಿಟ್ಟು ದೇವರ ಜಗುಲಿಯ ಮೇಲೆ ಸದ್ದಿಲ್ಲದೆ ಇಟ್ಟು ಬಂದುಬಿಡೋಣ ಎಂದನು. ಕೈಯಲ್ಲಿ ಕೊಟ್ಟರೆ ತೆಗೆದುಕೊಳ್ಳುವವನಲ್ಲ. ಗೊತ್ತಿಲ್ಲದಂತೆ ಇಟ್ಟರೆ ವಿಧಿಯಿಲ್ಲದೆ ಬಳಸುವನು ಎಂಬುದು ಅವನ ವಾದ. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬ ಮಾತನ್ನೂ ಸೇರಿಸಿದನು. ಮೇಲುನೋಟಕ್ಕೆ ಇದು ಉದಾತ್ತವಾಗಿಯೇ ಕಾಣುತ್ತದೆ.

ಆದರೆ ಇದೇ ಕಾರ್ಯವನ್ನು ಹಿಂದೆ ಮಾಡಿದವರೊಬ್ಬರಿದ್ದಾರೆ, ಮತ್ತು ಅವರು ಸಾಮಾನ್ಯರಲ್ಲ. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬಾಳಿದ ಮೋಳಿಗೆಯ ಮಾರಯ್ಯನ ಮನೆಗೆ, ಅವನಿಲ್ಲದ ಹೊತ್ತಿನಲ್ಲಿ, ಬಸವಣ್ಣನವರು ಜಂಗಮವೇಷದಲ್ಲಿ ಹೋದರೆಂದು ಪರಂಪರೆಯ ಕಥೆ ಹೇಳುತ್ತದೆ. ಮಹಾದೇವಿಯು ಅಂಬಲಿಯನ್ನು ಇಕ್ಕಿದಳು. ಮನೆಯ ಬಡತನವನ್ನು ಕಂಡು ಮರುಗಿದ ಬಸವಣ್ಣನವರು ಹೊನ್ನಿನ ಗಂಟುಗಳನ್ನು ಯಾರಿಗೂ ತಿಳಿಯದಂತೆ ಇಟ್ಟು ಬಂದರು. ಮಾರಯ್ಯನು ಬಂದು ನೋಡಿ ಸಂತೋಷಪಟ್ಟನೆ? ಇಲ್ಲ. ನೊಂದನು. ಆ ಹೊನ್ನನ್ನು ಜಂಗಮರಿಗೆ ಹಂಚಿಬಿಟ್ಟನು. ಕಟ್ಟಿಗೆ ಮಾರಿ ತಂದ ಅಂಬಲಿಗೆ ಹೊನ್ನನ್ನು ಬೆಲೆಯಾಗಿ ಕಟ್ಟಿದಂತಾಯಿತಲ್ಲವೆ, ತನ್ನ ದಾಸೋಹವನ್ನು ಬಡತನವೆಂದು ಓದಿದಂತಾಯಿತಲ್ಲವೆ ಎಂಬುದೇ ಅವನ ನೋವೆಂದು ನಾನು ಭಾವಿಸುತ್ತೇನೆ. ಬಸವಣ್ಣನವರ ಕರುಣೆಯಲ್ಲಿ ಕೊರತೆಯಿತ್ತೆಂದು ಇಲ್ಲಿ ಯಾರೂ ಹೇಳಲಾರರು. ಅಂತಹ ಕರುಣೆಯೂ ಗುಟ್ಟಾಗಿ ಬಂದಾಗ ಇನ್ನೊಬ್ಬ ಶರಣನ ಮನಸ್ಸಿಗೆ ತಾಗಿತೆಂಬುದನ್ನು ಮುಚ್ಚಿಡದೆ ಹೇಳಿದ್ದಾರಲ್ಲ, ಅದು ಆ ಪರಂಪರೆಯ ದೊಡ್ಡತನ.

ಗುಪ್ತದಾನವು ಅಪರಿಚಿತನಿಗೆ ಕೊಡುವಾಗ ಸದ್ಗುಣ; ಗೆಳೆಯನಿಗೆ ಕೊಡುವಾಗ ಹಾಗಲ್ಲ. ಅಪರಿಚಿತನಿಗೆ ಹೆಸರು ಹೇಳದೆ ಕೊಟ್ಟರೆ ಅವನ ಮಾನ ಉಳಿಯುತ್ತದೆ. ಗೆಳೆಯನಿಗೆ ಹೇಳದೆ ಕೊಟ್ಟರೆ ಬೇಡವೆನ್ನುವ ಅವನ ಅಧಿಕಾರವನ್ನು ಕಿತ್ತುಕೊಂಡಂತಾಗುತ್ತದೆ. ಇದಲ್ಲದೆ, ಲಕ್ಕೋಟೆಯನ್ನಿಟ್ಟು ಓಡಿಬರುವವನು ತನ್ನ ಸಂಕೋಚವನ್ನು ಕಾಪಾಡಿಕೊಳ್ಳುತ್ತಿದ್ದಾನೆಯೇ ಹೊರತು ಗೆಳೆಯನ ಮಾನವನ್ನಲ್ಲ. ಎದುರಿಗೆ ನಿಂತು, ನಿನ್ನ ಕಷ್ಟ ನಮಗೆ ಕಂಡಿದೆ ಎಂದು ಹೇಳುವುದಕ್ಕೆ ಧೈರ್ಯ ಬೇಕು. ಅವನು ಸಿಟ್ಟಾಗಬಹುದು. ಐವತ್ತು ವರ್ಷದ ಸ್ನೇಹದಲ್ಲಿ ಬಿರುಕು ಬರಬಹುದು. ಆ ಅಪಾಯವನ್ನು ಹೊರಲು ಸಿದ್ಧನಿಲ್ಲದವನು ಸ್ನೇಹವನ್ನು ಚಿತ್ರಪಟದಂತೆ ಗೋಡೆಗೆ ತೂಗುಹಾಕಿ ನೋಡುವವನು.

ಒಬ್ಬ ಗೆಳೆಯನು ಮತ್ತೊಂದು ಸಲಹೆ ಮಾಡಿದನು: ಆ ಹಣವನ್ನು ಪ್ರಸಾದನಿಲಯಕ್ಕೆ ಒಪ್ಪಿಸೋಣ, ಋಣ ತೀರಿದಂತಾಗುತ್ತದೆ. ಪ್ರಸಾದನಿಲಯಕ್ಕೆ ಕೊಡುವುದು ಕರ್ತವ್ಯವೇ. ಸಿದ್ಧಗಂಗೆಯಂತಹ ಕ್ಷೇತ್ರಗಳಲ್ಲಿ ಸಾವಿರಾರು ಮಕ್ಕಳು ಉಣ್ಣುತ್ತಿರುವುದು ಉಂಡು ಹೋದವರು ಮರೆಯದೆ ಕೊಟ್ಟುದರಿಂದಲೂ ಹೌದು. ಆದರೆ ಪಕ್ಕದ ಕೋಣೆಯಲ್ಲಿ ಗೋಡೆ ಹಿಡಿದು ನಡೆಯುವವಳನ್ನು ಬಿಟ್ಟು ಮಠದ ಪಾವತಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗುವುದು ಋಣ ತೀರಿಸುವುದಲ್ಲ, ಋಣದ ವಿಳಾಸವನ್ನು ಬದಲಾಯಿಸುವುದು. ಅದನ್ನು ಬೇರೆಯಾಗಿ, ಬೇರೆ ಹಣದಿಂದ ಮಾಡತಕ್ಕದ್ದು.

ಆರನೆಯ ದಿನ ಸಂಜೆ ಕೆಲಗೇರಿಯ ಕೆರೆಯ ದಂಡೆಯಲ್ಲಿ ನಮ್ಮಲ್ಲಿ ಹಿರಿಯನಾದವನು ಮಾತೆತ್ತಿದನು. ಸುತ್ತುಬಳಸಲಿಲ್ಲ. ಚಿಕಿತ್ಸೆಗೆ ಎಷ್ಟು ಬೇಕು, ನಿನ್ನ ಬಳಿ ಎಷ್ಟಿದೆ, ಉಳಿದುದನ್ನು ನಾವು ಹಾಕಬಹುದೆ ಎಂದು ಕೇಳಿದನು. ಗೆಳೆಯನು ಬಹಳ ಹೊತ್ತು ನೀರಿನ ಕಡೆ ನೋಡುತ್ತಿದ್ದನು. ಆಮೇಲೆ, "ಆಕಿನ್ನ ಕೇಳಬೇಕಪಾ. ಕಾಲು ಆಕಿವು" ಎಂದನು. ರಾತ್ರಿ ಅಡುಗೆಯ ಮನೆಯಲ್ಲಿ ಆಕೆಯ ಮುಂದೆ ಮಾತು ಬಂದಿತು. ಆಕೆ ಹಣವನ್ನು ಬೇಡವೆಂದಳು. ಮಗ ಕೊಡುತ್ತೇನೆಂದಿದ್ದಾನೆ, ಅವನು ಕೊಡುವ ತನಕ ಇನ್ನೊಬ್ಬರದನ್ನು ತೆಗೆದುಕೊಂಡರೆ ಅವನಿಗೆ ಹೊಣೆ ಹಗುರಾಗುತ್ತದೆ ಎಂಬುದು ಆಕೆಯ ವಾದ. ಲಕ್ಕಮ್ಮನ ತೀರ್ಪಿನಂತಹ ತೀರ್ಪು! ನಾವು ಸುಮ್ಮನಾದೆವು. ಆದರೆ ಆಕೆ ಮತ್ತೊಂದನ್ನು ಕೇಳಿದಳು. ಬೆಂಗಳೂರಿನಲ್ಲಿ ಒಳ್ಳೆಯ ವೈದ್ಯರೊಬ್ಬರಿಗೆ ಒಮ್ಮೆ ತೋರಿಸಬೇಕು. ಹದಿನೈದು ದಿನ ನಿಮ್ಮ ಮನೆಯಲ್ಲಿ ಇರಲು ಆದೀತೆ?

ಹಣವನ್ನು ಕೊಡಲು ಸಿದ್ಧರಾಗಿದ್ದ ನಾವು ಈ ಪ್ರಶ್ನೆಗೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಬೆಂಗಳೂರಿನ ಗೃಹಸ್ಥರಿಗೆ ಕಾರಣ ಹೇಳಬೇಕಾಗಿಲ್ಲ. ಮೂವತ್ತು-ನಲವತ್ತರ ನಿವೇಶನದಲ್ಲಿ ಕೆಳಗಿನ ಭಾಗ ಬಾಡಿಗೆಗೆ, ಮೇಲಿನದರಲ್ಲಿ ಮಗ-ಸೊಸೆ, ಮೊಮ್ಮಕ್ಕಳ ಓದಿಗೆ ಒಂದು ಕೋಣೆ. ನಮ್ಮ ಬಡಾವಣೆಗೆ ಬಸವೇಶ್ವರರ ಹೆಸರಿದೆ, ಬಸ್ಸಿನ ಫಲಕದ ಮೇಲೂ ಇದೆ. ಬಂದವರಿಗೆ ಹಾಸಲು ಒಂದು ಹೆಚ್ಚಿನ ಹಾಸಿಗೆ ಎಷ್ಟು ಮನೆಗಳಲ್ಲಿದೆಯೋ ತಿಳಿಯದು. ಹಣವನ್ನು ಕೊಡುವವನು ತನ್ನ ಮನೆಯನ್ನು ಇದ್ದಂತೆಯೇ ಇಟ್ಟುಕೊಂಡು ಕೊಡಬಹುದು. ಜಾಗವನ್ನು ಕೊಡುವವನು ಮನೆಯವರೆಲ್ಲರ ಅನುಕೂಲವನ್ನು ಸರಿಸಿ ಕೊಡಬೇಕು, ಅದಕ್ಕೆ ಮೊದಲು ತನ್ನ ಮನೆಯಾಕೆಯನ್ನು ಕೇಳಬೇಕು. ಹಿರಿಯ ಗೆಳೆಯನು ಅಲ್ಲಿಂದಲೇ ರಾಜಾಜಿನಗರಕ್ಕೆ ದೂರವಾಣಿ ಮಾಡಿ ಕೇಳಿದನು. ಅತ್ತ ಕಡೆಯಿಂದ ಬಂದ ಮೊದಲ ಪ್ರಶ್ನೆ, ಅವರು ಮೆಟ್ಟಿಲು ಹತ್ತಬಲ್ಲರೆ ಎಂಬುದು.

ಮೆಟ್ಟಿಲು ಹದಿನೆಂಟು. ಆಕೆ ಹತ್ತಲಾರಳು. ಕೆಳಗಿನ ಮನೆಯ ಬಾಡಿಗೆದಾರರು ಬೇಸಗೆಯ ರಜೆಗೆ ಊರಿಗೆ ಹೋಗುತ್ತಾರೆ. ಅವರಲ್ಲಿ ಮುಂದಿನ ಕೋಣೆಯನ್ನು ಹದಿನೈದು ದಿನಕ್ಕೆ ಕೇಳಿ ಪಡೆಯುವುದೆಂದು ಮಾತಾಗಿದೆ. ರೊಟ್ಟಿಯ ಹಿಟ್ಟನ್ನು ಧಾರವಾಡದಿಂದ ತಾನೇ ತರುವುದಾಗಿ ಆಕೆ ಹೇಳಿಕಳುಹಿಸಿದ್ದಾಳೆ. ನಾದುವ ಪಾಳಿ ಯಾರದೆಂಬುದು ಇನ್ನೂ ಗೊತ್ತಾಗಿಲ್ಲ.